ಮಾತ್ರೆ ತಗೊಂಡ ಮೇಲೆ ಅಂಕ ಏರಿತು, ಹಾಗಾದರೆ ನೋವು ಜಾಸ್ತಿ ಆಯಿತಾ?

ಓದುಗರ ಪ್ರಶ್ನೆ:

"ನಮಸ್ಕಾರ ಮೇಡಂ. ನನಗೆ 41 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಆರು ವರ್ಷದಿಂದ ಮೈಯೆಲ್ಲಾ ನೋವು. ಭುಜ, ಸೊಂಟ, ತೊಡೆ, ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ರಕ್ತ ಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲಾ ನಾರ್ಮಲ್. ಈ ವರ್ಷ ಒಬ್ಬ ಡಾಕ್ಟರು ಫೈಬ್ರೊಮಯಾಲ್ಜಿಯಾ ಅಂತ ಹೇಳಿ ಒಂದು ಪ್ರಶ್ನೆಗಳ ಫಾರಂ ತುಂಬಿಸಿದರು. ನರ್ಸ್ ಓದಿದರು, ನಾನು ಉತ್ತರ ಹೇಳಿದೆ, ಅತ್ತೆ ಪಕ್ಕದಲ್ಲೇ ಕೂತಿದ್ದರು. 100ಕ್ಕೆ 42 ಬಂತು. ರಾತ್ರಿ ತಗೊಳ್ಳೋಕೆ ಅಮಿಟ್ರಿಪ್ಟಿಲಿನ್ 10 ಕೊಟ್ಟು, ದಿನಾ ನಡೀರಿ ಅಂದರು. ಮೂರು ತಿಂಗಳ ನಂತರ ಅದೇ ಫಾರಂ ಮನೆಗೆ ಕೊಟ್ಟು ಕಳಿಸಿದರು. ಭಾನುವಾರ ಒಬ್ಬಳೇ ಕೂತು ತುಂಬಿದೆ. 58 ಬಂತು. ನಿದ್ದೆ ಮೊದಲಿಗಿಂತ ಪರವಾಗಿಲ್ಲ, ನೋವೂ ಸ್ವಲ್ಪ ಕಡಿಮೆ ಅಂತ ನನಗೆ ಅನ್ನಿಸುತ್ತೆ. ಆದರೆ ನಮ್ಮ ಮನೆಯವರು 'ಅಂಕ ಏರಿದೆ, ಔಷಧಿ ಉಲ್ಟಾ ಹೊಡೆದಿದೆ, ನಿಲ್ಲಿಸಿಬಿಡು' ಅಂತಾರೆ. ಮೆಡಿಕಲ್ ಶಾಪಿನವರು ಇದು ಡಿಪ್ರೆಶನ್ ಮಾತ್ರೆ ಅಂದರು. ಫಾರಂನಲ್ಲೂ ಬೇಸರ, ಆತಂಕ ಅಂತೆಲ್ಲ ಕೇಳಿದ್ದಾರೆ. ಹಾಗಾದರೆ ನನ್ನ ನೋವು ಬರೀ ಮನಸ್ಸಿನದಾ? ಯಾವ ಅಂಕ ನಿಜ? ಎರಡೂ ಫಾರಂನ ಫೋಟೊ ಕಳಿಸಿದ್ದೇನೆ."

ಉತ್ತರ:

ಟೀಚರ್, ಮೊದಲು ಒಂದು ಮಾತು. ನಿಮ್ಮ ಡಾಕ್ಟರ ಹತ್ತಿರ ಇನ್ನೊಂದು ಸಲ ಕೂತು ಮಾತಾಡುವ ತನಕ ಮಾತ್ರೆ ನಿಲ್ಲಿಸಬೇಡಿ. ನೀವು ಕಳಿಸಿದ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ನೋಡಿದೆ. ನೋವು ಏರಿದ್ದು ನನಗೆ ಎಲ್ಲೂ ಕಾಣಲಿಲ್ಲ. ಮೊದಲ ಸಲ ನಿಮಗೆ ಹೇಳಿಕೊಳ್ಳಲು ಆಗದೇ ಇದ್ದದ್ದನ್ನು ಎರಡನೇ ಸಲ ಹೇಳಿದ್ದೀರಿ, ಅಷ್ಟೇ.

ಈ ಫಾರಂನ ಹೆಸರು ಎಫ್‌ಐಕ್ಯೂಆರ್. ಫೈಬ್ರೊಮಯಾಲ್ಜಿಯಾ ಇರುವವರ ದಿನನಿತ್ಯದ ಬದುಕನ್ನು ಅಳೆಯಲು ಅಂತಲೇ ಮಾಡಿದ್ದು. ಅಮೆರಿಕದ ಆರೆಗಾನ್‌ನ ತಂಡವೊಂದು 1991ರಲ್ಲಿ ಎಫ್‌ಐಕ್ಯೂ ಅನ್ನುವ ಮೊದಲ ಫಾರಂ ಪ್ರಕಟಿಸಿತು, 2009ರಲ್ಲಿ ಅದನ್ನು ತಿದ್ದಿ ಈಗಿನದ್ದು ಬಂತು. ಒಟ್ಟು 21 ಪ್ರಶ್ನೆ, ಎಲ್ಲವೂ ಕಳೆದ 7 ದಿನದ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 10. ಮೊದಲ 9 ಪ್ರಶ್ನೆ ಕೆಲಸಗಳದ್ದು: ತಲೆ ಬಾಚುವುದು, 20 ನಿಮಿಷ ನಡೆಯುವುದು, ಅಡುಗೆ, ಕಸ ಗುಡಿಸುವುದು, ಸಾಮಾನಿನ ಚೀಲ ಹೊರುವುದು, ಮೆಟ್ಟಿಲು, ಹಾಸಿಗೆಯ ಬಟ್ಟೆ ಬದಲಿಸುವುದು, ಕುರ್ಚಿಯಲ್ಲಿ 45 ನಿಮಿಷ ಕೂರುವುದು, ಅಂಗಡಿಗೆ ಹೋಗಿ ಬರುವುದು. ಇವನ್ನು ಕೂಡಿಸಿ 3ರಿಂದ ಭಾಗಿಸುತ್ತಾರೆ. ಆಮೇಲೆ 2 ಪ್ರಶ್ನೆ, ಈ ಕಾಯಿಲೆ ನಿಮ್ಮ ವಾರವನ್ನು ಎಷ್ಟು ತಿಂದುಹಾಕಿತು ಅಂತ. ಅದನ್ನು ಹಾಗೇ ಕೂಡಿಸುತ್ತಾರೆ. ಕೊನೆಯ 10 ಪ್ರಶ್ನೆ ನೋವು, ನಿದ್ದೆ, ಸುಸ್ತು, ಮರೆವು, ಬೇಸರ ಇತ್ಯಾದಿ. ಅದನ್ನು 2ರಿಂದ ಭಾಗಿಸುತ್ತಾರೆ. ಒಟ್ಟು 100. ಇದರಲ್ಲಿ ಅಂಕ ಜಾಸ್ತಿ ಅಂದರೆ ತೊಂದರೆ ಜಾಸ್ತಿ. ಆರೋಗ್ಯವಾಗಿರುವವರಿಗೂ ಸೊನ್ನೆ ಬರಲ್ಲ. 2009ರಲ್ಲಿ ಫಾರಂ ಪರೀಕ್ಷೆ ಮಾಡಿದಾಗ ಅಂಥವರ ಸರಾಸರಿ 12ರ ಆಸುಪಾಸು ಇತ್ತು, ಫೈಬ್ರೊಮಯಾಲ್ಜಿಯಾ ಇದ್ದವರದ್ದು 56ರ ಆಸುಪಾಸು.

ಈಗ ನಿಮ್ಮ ಹಾಳೆ. ಮೊದಲ ಸಲ ಕೆಲಸಗಳ ಭಾಗದಲ್ಲಿ ಕೂಡಿದ್ದು 30, ಅಂದರೆ ಲೆಕ್ಕಕ್ಕೆ 10. ಎರಡನೇ ಸಲ 66, ಅಂದರೆ 22. ಅಲ್ಲೇ 12 ಅಂಕ ಏರಿಬಿಟ್ಟಿದೆ. ನಡುವಿನ ಭಾಗ 8ರಿಂದ 11. ಕೊನೆಯ ಭಾಗ 24ರಿಂದ 25. ಒಟ್ಟು ಏರಿದ 16ರಲ್ಲಿ 12 ಅಂಕ ಬರೀ ಕೆಲಸದ ಪ್ರಶ್ನೆಗಳದ್ದು.

ಅಡುಗೆ ಎಷ್ಟು ಕಷ್ಟ ಅನ್ನುವ ಸಾಲಿನಲ್ಲಿ ಅವತ್ತು 2, ಈಗ 8. ತಲೆ ಬಾಚುವುದಕ್ಕೆ ಅವತ್ತು 1, ಈಗ 6. ಮೂರು ತಿಂಗಳಲ್ಲಿ ನಿದ್ದೆ ಸುಧಾರಿಸಿದ ಹೆಂಗಸಿಗೆ ಕೈ ಎತ್ತುವುದು ಮಾತ್ರ ಅಷ್ಟು ಹಾಳಾಗಲು ಸಾಧ್ಯವೇ? ಹಾಗಾಗುವುದು ಕಮ್ಮಿ. ಏನು ನಡೆದಿರಬಹುದು ಅಂತ ಹೇಳುತ್ತೇನೆ, ಯಾಕೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಇದನ್ನು ಎಷ್ಟೋ ವರ್ಷ ಕಣ್ಣಾರೆ ನೋಡಿದ್ದೇನೆ. "ಅಡುಗೆ ಮಾಡಲು ಎಷ್ಟು ಕಷ್ಟ ಆಯಿತು" ಅಂತ ಫಾರಂನಲ್ಲಿ ಇರುತ್ತದೆ. ಓದುವವರು ಅವಸರದಲ್ಲಿ "ಅಡುಗೆ ಮಾಡ್ತೀರಾ?" ಅಂತ ಕೇಳಿಬಿಡುತ್ತಾರೆ. ನಮ್ಮ ಹೆಣ್ಣುಮಕ್ಕಳು "ಮಾಡ್ತೀನಿ" ಅನ್ನುತ್ತಾರೆ. ಮಾಡದೇ ಇರಲು ಆಗುತ್ತಾ? ಬೆಳಗ್ಗೆ ಐದಕ್ಕೆ ಎದ್ದು, ಒಲೆ ಮುಂದೆ ಕಟ್ಟೆ ಹಿಡಿದುಕೊಂಡು ನಿಂತು, ರೊಟ್ಟಿ ತಟ್ಟುವಾಗ ಎರಡು ಸಲ ಕೂತು ಎದ್ದು, ಡಬ್ಬಿ ಕಟ್ಟಿ, ಬಸ್ಸಿಗೆ ಓಡಿ, ಆಮೇಲೆ "ಅಡುಗೆ ಮಾಡ್ತೀನಿ ಸಿಸ್ಟರ್" ಅಂದರೆ ಕಾಗದದ ಮೇಲೆ ಬೀಳುವುದು 2. ಜೊತೆಗೆ ಅತ್ತೆ ಪಕ್ಕದಲ್ಲಿ ಇದ್ದರು. ಅವರು ಒಳ್ಳೆಯವರೇ ಇರಬಹುದು, ಅದು ಬೇರೆ ಮಾತು. ಅವರೆದುರು "ಅಡುಗೆ ಮಾಡೋದೇ ಕಷ್ಟ" ಅನ್ನಲು ಎಷ್ಟು ಜನಕ್ಕೆ ಬಾಯಿ ಬರುತ್ತದೆ ಹೇಳಿ.

ಇದು ನಮ್ಮಲ್ಲಿ ಮಾತ್ರ ಇರುವ ಸಮಸ್ಯೆಯೂ ಅಲ್ಲ. 1991ರ ಹಳೇ ಫಾರಂನಲ್ಲಿ ಪ್ರಶ್ನೆ ಇದ್ದದ್ದೇ "ಮಾಡಲು ಆಯಿತಾ" ಅಂತ. 2009ರಲ್ಲಿ ಅದನ್ನು ಕಿತ್ತುಹಾಕಿ "ಎಷ್ಟು ಕಷ್ಟ ಆಯಿತು" ಅಂತ ಮಾಡಿದರು. ನನಗೆ ಆ ತಿದ್ದುಪಡಿ ತುಂಬಾ ದೊಡ್ಡದು ಅನ್ನಿಸುತ್ತದೆ. ಮಾಡುವುದಕ್ಕೂ, ಮಾಡಲು ತೆರುವ ಬೆಲೆಗೂ ಇರುವ ವ್ಯತ್ಯಾಸವನ್ನೇ ಅಲ್ವಾ ನಾವು ಅಳೆಯಬೇಕಾಗಿರುವುದು?

ಕೊನೆಯ ಭಾಗವನ್ನು ಸ್ವಲ್ಪ ಬಿಡಿಸಿ ನೋಡೋಣ, ನಿಮ್ಮ ಮನೆಯವರಿಗೆ ತೋರಿಸಬೇಕಾದ್ದು ಅಲ್ಲೇ ಇದೆ. ನೋವು 8ರಿಂದ 6ಕ್ಕೆ ಇಳಿದಿದೆ. ನಿದ್ದೆಯ ತೊಂದರೆ 9ರಿಂದ 5ಕ್ಕೆ ಇಳಿದಿದೆ. 2ರಿಂದ ಭಾಗಿಸುವ ಮೊದಲಿನ ಲೆಕ್ಕದಲ್ಲಿ ಎರಡೂ ಸೇರಿ 6 ಅಂಕ ಕಡಿಮೆ. ಏರಿರುವುದು ಯಾವುದು? ಬೇಸರ 1ರಿಂದ 5, ಆತಂಕ 2ರಿಂದ 5, ಮರೆವು ಒಂದು ಅಂಕ. ಅತ್ತೆಯ ಮುಂದೆ, ಗೊತ್ತಿಲ್ಲದ ನರ್ಸ್ ಮುಂದೆ, ಹೊರಗೆ ಸಾಲು ನಿಂತಿರುವಾಗ "ನನಗೆ ಬೇಸರ ಆಗುತ್ತೆ" ಅನ್ನಲು ಯಾರಿಗಾದರೂ ಸಂಕೋಚವೇ. ಭಾನುವಾರ ಒಬ್ಬರೇ ಕೂತಾಗ ಕೈ ತಾನಾಗಿ 5ರ ಹತ್ತಿರ ಹೋಗಿದೆ. ಹೇಳಲು ನಾಚಿಕೆ ಇಲ್ಲದ ನೋವು, ನಿದ್ದೆ ಮೊದಲ ದಿನವೂ ಸರಿಯಾಗಿಯೇ ದಾಖಲಾಗಿದ್ದವು, ಆ ಎರಡೂ ಈಗ ಇಳಿದಿವೆ. ಅದಕ್ಕೇ ನಾನು ಔಷಧಿ ಉಲ್ಟಾ ಹೊಡೆದಿದೆ ಅನ್ನುವುದನ್ನು ಒಪ್ಪುತ್ತಿಲ್ಲ. ಔಷಧಿಯಿಂದಲೇ ಬೇಸರ ಬಂತಾ ಅಂತ ನಿಮಗೆ ಅನುಮಾನ ಇದ್ದರೆ ಅದನ್ನೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ. ಆ ಬೇಸರ ಮೂರು ತಿಂಗಳ ಹಿಂದೆ ಇರಲಿಲ್ಲವಾ, ಇದ್ದೂ ಹೇಳಲಿಲ್ಲವಾ, ಅದು ನಿಮಗೊಬ್ಬರಿಗೇ ಗೊತ್ತು.

ಸಾಮಾನ್ಯವಾಗಿ 0ಯಿಂದ 10ರ ನೋವಿನ ಅಳತೆಯಲ್ಲಿ ಸುಮಾರು 2 ಅಂಕ, ಅಥವಾ ಮೊದಲಿದ್ದ ನೋವಿನ ಶೇ. 30ರಷ್ಟು ಇಳಿದರೆ ಅದನ್ನು ರೋಗಿಗೆ ನಿಜವಾಗಿ ತಿಳಿಯುವಷ್ಟು ಇಳಿಕೆ ಅಂತ ನಾವು ತಗೊಳ್ಳುತ್ತೇವೆ. ನಿಮ್ಮದು 2 ಅಂಕ, ಶೇ. 25. ಅಂಚಿನಲ್ಲಿದೆ. ನಿದ್ದೆಯಲ್ಲಿ 4 ಅಂಕ ಇಳಿದದ್ದು ನನಗೆ ಹೆಚ್ಚು ಖುಷಿ ಕೊಟ್ಟಿತು. ನಿದ್ದೆ ಸರಿಹೋದರೆ ಉಳಿದದ್ದೂ ನಿಧಾನವಾಗಿ ಸರಿಹೋಗುವುದನ್ನು ತುಂಬಾ ಜನರಲ್ಲಿ ನೋಡಿದ್ದೇನೆ.

ಇನ್ನು ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವ ಪ್ರಶ್ನೆ, ಇದು ಬರೀ ಮನಸ್ಸಿನದಾ ಅನ್ನುವುದು.

ಅಲ್ಲ. ಎಂಆರ್‌ಐ, ರಕ್ತ ಪರೀಕ್ಷೆ ನಾರ್ಮಲ್ ಇರುವುದು ಈ ಕಾಯಿಲೆಯ ಲಕ್ಷಣವೇ. ಆ ಪರೀಕ್ಷೆಗಳನ್ನು ಮಾಡಿಸುವುದು ಥೈರಾಯ್ಡ್, ಸಂಧಿವಾತದಂಥ ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಫೈಬ್ರೊಮಯಾಲ್ಜಿಯಾದಲ್ಲಿ ಕೆಟ್ಟಿರುವುದು ಕೀಲೂ ಅಲ್ಲ, ಸ್ನಾಯುವೂ ಅಲ್ಲ. ಮೈಯಿಂದ ಬರುವ ಸುದ್ದಿಯನ್ನು ಮಿದುಳು ಮತ್ತು ಬೆನ್ನುಹುರಿ ತೂಗಿ ನೋಡುವ ರೀತಿಯೇ ಕೆಟ್ಟಿದೆ. ಮನೆ ಕಾಯುವ ನಾಯಿ ಕಳ್ಳ ಬಂದಾಗ ಬೊಗಳಬೇಕು. ಕೆಲವು ನಾಯಿ ತೆಂಗಿನ ಗರಿ ಅಲುಗಿದರೂ ರಾತ್ರಿಯಿಡೀ ಬೊಗಳುತ್ತದೆ. ಹೊರಗೆ ಹೋಗಿ ನೋಡಿದರೆ ಕಳ್ಳ ಇರಲ್ಲ, ನಿಮ್ಮ ಎಂಆರ್‌ಐ ಹಾಗೆ. ಆದರೆ ಬೊಗಳಿದ್ದು ಸುಳ್ಳಲ್ಲ, ನಿದ್ದೆ ಕೆಟ್ಟದ್ದೂ ಸುಳ್ಳಲ್ಲ. 2002ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಯಿತು. ಫೈಬ್ರೊಮಯಾಲ್ಜಿಯಾ ಇದ್ದವರ ಹೆಬ್ಬೆರಳ ಉಗುರನ್ನು ಒತ್ತಿ, ಆಗ ಮಿದುಳಿನಲ್ಲಿ ಏನಾಗುತ್ತದೆ ಅಂತ ಸ್ಕ್ಯಾನ್ ಮಾಡಿ ನೋಡಿದರು. ಬೇರೆಯವರಿಗೆ ತುಂಬಾ ಜೋರಾಗಿ ಒತ್ತಿದಾಗ ಮಿದುಳಿನ ಯಾವ ಜಾಗಗಳು ಚುರುಕಾಗುತ್ತಿದ್ದವೋ, ಇವರಿಗೆ ಮೆಲ್ಲಗೆ ಒತ್ತಿದಾಗಲೇ ಬಹುಮಟ್ಟಿಗೆ ಅದೇ ಜಾಗಗಳು ಚುರುಕಾದವು. ಇವರು ನಾಟಕ ಮಾಡುತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು? 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಮೂರು ತಿಂಗಳು ಮೀರಿದ ನೋವಿಗೆ ಅದರದ್ದೇ ಆದ ಜಾಗ ಕೊಟ್ಟಿದ್ದಾರೆ. ಫೈಬ್ರೊಮಯಾಲ್ಜಿಯಾ ಆ ಗುಂಪಿನಲ್ಲೇ ಬರುತ್ತದೆ.

ಹಾಗಾದರೆ ಬೇಸರ, ಆತಂಕದ ಪ್ರಶ್ನೆ ಯಾಕೆ? ಆರು ವರ್ಷ ಮೈ ನೋಯುತ್ತಿದ್ದರೆ, ಯಾರೂ ನಂಬದಿದ್ದರೆ, ಯಾರಿಗೆ ಬೇಸರ ಆಗಲ್ಲ? ಬೇಸರ ಜಾಸ್ತಿಯಾದಾಗ ಮಿದುಳು ನೋವಿಗೆ ಇನ್ನಷ್ಟು ಬಾಗಿಲು ತೆರೆಯುತ್ತದೆ. ಎರಡೂ ಒಂದನ್ನೊಂದು ಏರಿಸುತ್ತವೆ. ಅದನ್ನು ಕೇಳದೇ ಬಿಟ್ಟರೆ ಅರ್ಧ ಕಾಯಿಲೆಯನ್ನು ಬಿಟ್ಟ ಹಾಗೆ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಕೊಡುವ ಮಾತ್ರೆ ಹೌದು, ಮೆಡಿಕಲ್ ಶಾಪಿನವರು ಸುಳ್ಳು ಹೇಳಿಲ್ಲ. ಆದರೆ ಖಿನ್ನತೆಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಇದರ ಎಷ್ಟೋ ಪಟ್ಟು. 10 ಮಿ.ಗ್ರಾಂ ಕೊಟ್ಟಿರುವುದು ನಿದ್ದೆಗೆ, ನೋವಿಗೆ. ಇದರಿಂದ ಬಾಯಿ ಒಣಗುವುದು, ಮಲಬದ್ಧತೆ, ಬೆಳಗ್ಗೆ ಮಂಪರು, ಕೆಲವರಿಗೆ ತೂಕ ಏರುವುದು ಉಂಟು. ಗ್ಲುಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ, ಹೃದಯ ಬಡಿತದ ತೊಂದರೆ ಇದ್ದರೆ, ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ಚೀಟಿಯಲ್ಲಿರುವ ನಡಿಗೆಯನ್ನು ಮಾತ್ರ ಸಣ್ಣದು ಅಂದುಕೊಳ್ಳಬೇಡಿ. ಯುರೋಪಿನ ಸಂಧಿರೋಗ ತಜ್ಞರ ಸಂಘ ಫೈಬ್ರೊಮಯಾಲ್ಜಿಯಾಗೆ ಇರುವ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಗಟ್ಟಿಯಾಗಿ ಶಿಫಾರಸು ಮಾಡಿದ್ದು ಒಂದನ್ನೇ, ವ್ಯಾಯಾಮವನ್ನು.

ಹಾಗಂತ ಈ ಫಾರಂ ದೊಡ್ಡ ಸತ್ಯದರ್ಶಕ ಅಂತ ನಾನು ಹೇಳುವುದಿಲ್ಲ. ಬೇರೆ ದೇಶದ, ಬೇರೆ ಮನೆಗಳ ಬದುಕನ್ನು ನೋಡಿ ಬರೆದ ಪ್ರಶ್ನೆಗಳು ಅವು. ಕುರ್ಚಿಯಲ್ಲಿ 45 ನಿಮಿಷ ಕೂರುವುದು ಕೇಳುತ್ತಾರೆ. ನೀವು ದಿನಕ್ಕೆ ಎಷ್ಟು ತಾಸು ಬೋರ್ಡಿನ ಮುಂದೆ ಕೈ ಎತ್ತಿ ನಿಲ್ಲುತ್ತೀರಿ, ಅದನ್ನು ಯಾರೂ ಕೇಳಿಲ್ಲ. ನೆಲದ ಮೇಲೆ ಕೂತು ಏಳುವುದು, ಬಟ್ಟೆ ಹಿಂಡುವುದು, ರಂಗೋಲಿಗೆ ಬಗ್ಗುವುದು, ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದು, ಯಾವುದೂ ಇಲ್ಲ. ಅಂಥವನ್ನು ಹಾಳೆಯ ಕೆಳಗೆ ನಿಮ್ಮ ಕೈಯಿಂದಲೇ ಮೂರು ಸಾಲು ಬರೆಯಿರಿ. ಅಂಕಕ್ಕೆ ಸೇರಿಸಬೇಡಿ, ಸೇರಿಸಿದರೆ ಲೆಕ್ಕ ಕೆಡುತ್ತದೆ. ಆದರೆ ಡಾಕ್ಟರು ಓದಲಿ.

ಪದಗಳದ್ದೂ ಒಂದು ತಾಪತ್ರಯ ಇದೆ. ಕೆನಡಾದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ ನೋವು ಹೇಗಿದೆ ಅಂತ ಹೇಳಲು 78 ಪದಗಳಿವೆ. ನಮ್ಮಲ್ಲೂ ಕಡಿಮೆ ಇಲ್ಲ. ಉರಿ, ಸೆಳೆತ, ಜೋಮು, ತಿವಿತ, ಹಿಡಿದುಕೊಂಡ ಹಾಗೆ, ಇರುವೆ ಹರಿದ ಹಾಗೆ. "ಸಂಕಟ" ಅಂತ ಒಬ್ಬರು ಅಂದರೆ ಹೊಟ್ಟೆ ತೊಳಸುವುದೋ, ಮನಸ್ಸಿಗೆ ಆಗುವುದೋ, ಎರಡೂನೋ, ಕೇಳದೇ ತಿಳಿಯಲ್ಲ. ಇಂಗ್ಲಿಷ್ ಫಾರಂ ಇಟ್ಟುಕೊಂಡು ನಿಂತ ನಿಲುವಿನಲ್ಲೇ ಕನ್ನಡ ಮಾಡಿ ಕೇಳಿದರೆ ಇದೆಲ್ಲ ಕಳೆದುಹೋಗುತ್ತದೆ. ಇವತ್ತು ಒಬ್ಬ ನರ್ಸ್ ಒಂದು ಥರ ಹೇಳುತ್ತಾರೆ, ಮುಂದಿನ ಸಲ ಇನ್ನೊಬ್ಬರು ಇನ್ನೊಂದು ಥರ.

ಹಾಗಾಗಿ ನಿಮ್ಮ ಮುಂದೆ ಇರುವ ದಾರಿಗಳು ಇವು. ನನಗೆ ಸರಿ ಅನ್ನಿಸುವುದು, 42ನ್ನು ಪಕ್ಕಕ್ಕಿಟ್ಟು ಈ 58ನ್ನೇ ಮೊದಲ ಅಂಕ ಅಂತ ಇಟ್ಟುಕೊಳ್ಳುವುದು. ಮುಂದಿನ ಸಲ ಅದೇ ರೀತಿ, ಒಬ್ಬರೇ, ಭಾನುವಾರವೇ, ಸಾಧ್ಯವಾದರೆ ಮುಟ್ಟಿನ ಅದೇ ಹಂತದಲ್ಲಿ ತುಂಬಿ. ತುಂಬಾ ಜನರಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ನೋವು ಬೇರೆಯೇ ಇರುತ್ತದೆ. ಗೌರಿ ಹಬ್ಬದ ವಾರವೋ, ಪರೀಕ್ಷೆ ಪೇಪರ್ ತಿದ್ದುವ ವಾರವೋ ಆಗಿದ್ದರೆ ಹಾಳೆಯ ಮೇಲೆ ಬರೆದಿಡಿ. ಹಳೇ ಎಫ್‌ಐಕ್ಯೂ ಮೇಲೆ ನಡೆದ ಅಧ್ಯಯನದ ಪ್ರಕಾರ ಒಟ್ಟು ಅಂಕ ಸುಮಾರು ಶೇ. 14 ಇಳಿದರೆ ಅದು ಅರ್ಥವಿರುವ ಇಳಿಕೆ. 58ರಲ್ಲಿ ಅದು 8 ಅಂಕ. 50 ಅಥವಾ ಅದಕ್ಕಿಂತ ಕೆಳಗೆ ಬಂದರೆ ಚಿಕಿತ್ಸೆ ಹಿಡಿದಿದೆ ಅನ್ನಿ. ಈ ದಾರಿಯಲ್ಲಿ ಒಂದು ನಷ್ಟ ಇದೆ, ಮೊದಲ ಮೂರು ತಿಂಗಳಲ್ಲಿ ಎಷ್ಟು ಸುಧಾರಿಸಿತು ಅನ್ನುವುದು ಒಟ್ಟು ಅಂಕದಲ್ಲಿ ಯಾವತ್ತೂ ಸಿಗಲ್ಲ.

ಇನ್ನೊಂದು, ಇದರ ಜೊತೆ ಡಬ್ಲ್ಯುಎಚ್‌ಒ ಕ್ಯೂಒಎಲ್ ಬ್ರೆಫ್ ಅನ್ನುವ ಫಾರಂ ಕೇಳಿ ನೋಡುವುದು. ವಿಶ್ವ ಆರೋಗ್ಯ ಸಂಸ್ಥೆಯದು, 26 ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಇದರ ಮೂಲ ರೂಪಿಸಿದಾಗ ಬೇರೆ ಬೇರೆ ದೇಶಗಳ 15 ಕೇಂದ್ರಗಳು ಸೇರಿದ್ದವು, ಮದ್ರಾಸು ಮತ್ತು ದೆಹಲಿ ಕೂಡ ಇದ್ದವು. ಕನ್ನಡದಲ್ಲೂ ಬಳಕೆಯಲ್ಲಿದೆ. ನನಗೆ ಇದು ಇಷ್ಟ, ಯಾಕೆಂದರೆ ದೇಹ, ಮನಸ್ಸಿನ ಜೊತೆಗೆ ಹಣ, ಓಡಾಟದ ಅನುಕೂಲ, ಬಿಡುವು, ಸ್ನೇಹಿತರ ಆಸರೆ ಇವನ್ನೂ ಕೇಳುತ್ತದೆ. ನಿಮ್ಮಂಥವರ ನೋವು ಎಷ್ಟೋ ಸಲ ಏರುವುದು ಕೆಲಸಕ್ಕೆ ಕೈ ಜೋಡಿಸುವವರಿಲ್ಲದೆ. ಲೈಂಗಿಕ ಬದುಕಿನ ಬಗ್ಗೆ ಒಂದು ಪ್ರಶ್ನೆ ಇದೆ. ಅದನ್ನು ಖಾಲಿ ಬಿಟ್ಟರೆ ಫಾರಂ ಹಾಳಾಗಲ್ಲ, ಸುಮ್ನೆ ಏನೋ ಒಂದು ಗುರುತು ಹಾಕುವುದಕ್ಕಿಂತ ಬಿಡುವುದು ಒಳ್ಳೆಯದು. ಒಂದು ಎಚ್ಚರ: ಇದರಲ್ಲಿ ಅಂಕ ಜಾಸ್ತಿ ಬಂದರೆ ಬದುಕು ಚೆನ್ನಾಗಿದೆ ಅಂತ. ನಿಮ್ಮ ಈಗಿನ ಫಾರಂಗೆ ಪೂರ್ತಿ ಉಲ್ಟಾ. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟರೆ ಮನೆಯಲ್ಲಿ ಮತ್ತೆ ಅದೇ ಗೊಂದಲ ಆಗುತ್ತದೆ, ಮೇಲೆ ದೊಡ್ಡದಾಗಿ ಬರೆದಿಡಿ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಮೂರೇ ಪ್ರಶ್ನೆಯ ಪೆಗ್ ಅಂತ ಒಂದಿದೆ. ಕಳೆದ ವಾರ ನೋವು ಸರಾಸರಿ ಎಷ್ಟಿತ್ತು, ಬದುಕಿನ ಖುಷಿಗೆ ಎಷ್ಟು ಅಡ್ಡ ಬಂತು, ದಿನದ ಕೆಲಸಕ್ಕೆ ಎಷ್ಟು ಅಡ್ಡ ಬಂತು. ಪ್ರತಿಯೊಂದಕ್ಕೂ 0ಯಿಂದ 10, ಮೂರರ ಸರಾಸರಿ. ಎರಡು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದರೆ ಸಾಕು. ದಿನಾ ಬರೆಯಬೇಡಿ. ದಿನಕ್ಕೆ ನಾಲ್ಕು ಸಲ ನೋವನ್ನು ಅಳೆದು ಅಳೆದು, ಅದರ ಮೇಲೇ ಗಮನ ನಿಂತು, ಇನ್ನೂ ಕಂಗೆಟ್ಟವರು ನನ್ನ ಹತ್ತಿರ ಬಂದಿದ್ದಾರೆ.

ಅಂಕ ಇಳಿದರೂ ಒಂದು ಮೋಸ ಆಗಬಹುದು, ಅದನ್ನೂ ಹೇಳಿಬಿಡುತ್ತೇನೆ. ಕೆಲವರು ಆಸೆಗಳನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. ಮದುವೆಗೆ ಹೋಗುವುದು ಬಿಟ್ಟರು, ಹಿತ್ತಲಿನ ಹೂವಿನ ಗಿಡ ಬಿಟ್ಟರು, ಕೆಲಸವನ್ನೇ ಬಿಟ್ಟರು. ಆಗ "ಕಷ್ಟ ಇಲ್ಲ" ಅಂತ ಅಂಕ ಇಳಿಯುತ್ತದೆ. ಫಾರಂನಲ್ಲಿ ಇದಕ್ಕೆ ಒಂದು ಸೂಚನೆ ಇದೆ, ತುಂಬಾ ಜನ ಓದುವುದೇ ಇಲ್ಲ. ಈ 7 ದಿನದಲ್ಲಿ ಆ ಕೆಲಸ ಮಾಡದಿದ್ದರೆ ಕೊನೆಯ ಸಲ ಮಾಡಿದಾಗ ಎಷ್ಟು ಕಷ್ಟ ಆಗಿತ್ತೋ ಅದನ್ನು ಹಾಕಬೇಕು. ಮಾಡಲು ಆಗುವುದೇ ಇಲ್ಲ ಅಂದರೆ 10 ಹಾಕಬೇಕು. ಸೊನ್ನೆ ಹಾಕಬಾರದು.

ಮಧ್ಯದಲ್ಲಿ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೀಲು ಊದಿ ಕೆಂಪಾದರೆ, ಕೈಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಯಾವ ಫಾರಂಗೂ ಕಾಯಬೇಡಿ. ಅದು ಬೇರೆ ವಿಷಯ, ಕೂಡಲೇ ತೋರಿಸಿ. ಬದುಕೇ ಬೇಡ ಅನ್ನಿಸುವಷ್ಟು ಬೇಸರ ಬಂದರೂ ಅಷ್ಟೇ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416, ಕನ್ನಡದಲ್ಲಿ ಮಾತಾಡುತ್ತಾರೆ.

ನಿಮ್ಮ ಮನೆಯವರಿಗೆ ಒಟ್ಟು ಅಂಕ ತೋರಿಸುವ ಬದಲು ಮೂರು ಸಾಲು ತೋರಿಸಿ. ನಿದ್ದೆ 9ರಿಂದ 5. ನೋವು 8ರಿಂದ 6. ಅಡುಗೆ 8. ಮೊದಲ ಎರಡನ್ನು ನೋಡಿದರೆ ಮಾತ್ರೆ ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಮೂರನೆಯದಕ್ಕೆ ಮಾತ್ರೆ ಇಲ್ಲ, ಬೆಳಗಿನ ಹೊತ್ತು ಅಡುಗೆಮನೆಗೆ ಇನ್ನೊಂದು ಜೊತೆ ಕೈ ಬೇಕು. ಅದನ್ನು ಅವರ ಹತ್ತಿರ ನೀವೇ ಕೇಳಬೇಕಾಗುತ್ತದೆ. ಕೇಳಲು ಕಷ್ಟ ಆದರೆ ಮುಂದಿನ ಸಲ ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗಿ, ಆದರೆ ಫಾರಂ ಮಾತ್ರ ಮೊದಲೇ ಮನೆಯಲ್ಲಿ ತುಂಬಿಕೊಂಡಿರಿ. ಎರಡೂ ಹಳೇ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಮೇಲೆ ತಾರೀಕು ಹಾಕಿ. 42 ಬಂದ ಹಾಳೆಯ ಮೇಲೆ "ನರ್ಸ್ ಓದಿದ್ದು, ಅತ್ತೆ ಜೊತೆಗಿದ್ದರು" ಅಂತ ಒಂದು ಸಾಲು ಬರೆಯಿರಿ. ಅದನ್ನು ಓದಿದರೆ ನಿಮ್ಮ ಡಾಕ್ಟರಿಗೆ ಉಳಿದದ್ದು ಅರ್ಥವಾಗುತ್ತದೆ.